ಹನ್ನೊಂದು ಗುಟ್ಟಿನ ಗೋಡೆ

ನಾಲ್ಕು ಗಂಟೆಗೆ ಪುಟ ಅಚ್ಚಿಗೆ ಹೋಗಬೇಕಿತ್ತು. ಮೂರೂಕಾಲಿಗೆ ಗೆರೆಯಣ್ಣ ನನ್ನನ್ನು ಕರೆದರು. ನಮ್ಮ ಪತ್ರಿಕೆಯ ಪುಟ ಕಟ್ಟುವವರು ಅವರು. ಕೂದಲೆಳೆಯಷ್ಟು ಗೆರೆ ಓರೆಯಾದರೂ ಅವರಿಗೆ ಊಟ ಸೇರುವುದಿಲ್ಲ, ಅದಕ್ಕೇ ಆ ಹೆಸರು.

“ತಂಗಿ, ಈ ಗೋಡೇಲಿ ಒಂದೇ ಒಂದು ಇಟ್ಟಿಗೆ ನೀಲಿ ಯಾಕಿದೆ?”

ಅವರ ಪರದೆಯ ಮೇಲಿದ್ದದ್ದು ನನ್ನ ಮೊದಲ ವಿಮರ್ಶೆ. ಇಪ್ಪತ್ತೈದು ವರ್ಷಗಳಿಂದ ಎಲ್ಲರೂ ಕೊಂಡಾಡುತ್ತ ಬಂದ ಒಂದು ವಿಡಿಯೋ ಗೇಮಿನ ಬಗ್ಗೆ ಬರೆದದ್ದು. ನೆಲದಡಿಯ ಕೋಟೆಯಲ್ಲಿ ಒಂಟಿಯಾಗಿ ಅಲೆಯುವುದು, ಹೊಸ ಶಕ್ತಿ ಸಿಕ್ಕಾಗ ಹಿಂದೆ ಬಿಟ್ಟುಬಂದ ಬಾಗಿಲಿಗೆ ಮರಳುವುದು, ಗುಟ್ಟಿನ ಗೋಡೆ ಒಡೆದು ಒಳದಾರಿ ಹುಡುಕುವುದು. ‘ಆಡುವವರ ಜಾಣ್ಮೆಯನ್ನು ನಂಬುವ ಆಟ’ ಎಂದಿದ್ದರು ಬೇರೆ ವಿಮರ್ಶಕರು. ನಾನು ಬರೆದೆ: ‘ಹನ್ನೊಂದು ಗುಟ್ಟಿನ ಗೋಡೆಗಳಿವೆ, ಒಂದಕ್ಕೂ ಸುಳಿವಿಲ್ಲ. ಇದು ನಂಬಿಕೆಯಲ್ಲ, ಉಡಾಫೆ.’ ಹತ್ತಕ್ಕೆ ನಾಲ್ಕು ಅಂಕ. ಸಂಪಾದಕಿಗೆ ಆ ಸಾಲು ಎಷ್ಟು ಹಿಡಿಸಿತೆಂದರೆ ಅದನ್ನೇ ತಲೆಬರಹ ಮಾಡಿಸಿದ್ದರು. ನನ್ನ ಮೂರು ತಿಂಗಳ ತಾತ್ಕಾಲಿಕ ಕೆಲಸ ಆ ವಾರಕ್ಕೆ ಮುಗಿಯುತ್ತಿತ್ತು. ನನ್ನನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬುದು ಈ ಒಂದು ಪುಟದ ಮೇಲಿತ್ತು.

“ಉಳಿದ ಚಿತ್ರ ತೋರಿಸ್ತೀರಾ?” ಎಂದು ಪರದೆಗೆ ಬಗ್ಗಿದೆ.

ನಾನು ಆಡಿದ ಆಟ ಉಳಿಸಿಟ್ಟಿದ್ದ ಮೆಮೊರಿ ಕಾರ್ಡನ್ನು ಆಫೀಸಿನ ಗೇಮ್ ಯಂತ್ರಕ್ಕೆ ಹಾಕಿ ಗೋಡೆಗಳ ಚಿತ್ರ ತೆಗೆದವರು ಅವರೇ. ಆ ಆಟದಲ್ಲಿ ಒಡೆದ ಗೋಡೆ, ಕೋಣೆ ಬಿಟ್ಟು ಬಂದರೆ ಮತ್ತೆ ಎದ್ದು ನಿಂತಿರುತ್ತದೆ; ಹಾಗಾಗಿ ಚಿತ್ರಗಳಲ್ಲಿ ಗೋಡೆಗಳೆಲ್ಲ ಇಡಿಯಾಗಿದ್ದವು. ಎರಡನೆಯ ಗೋಡೆಯ ಮೂಲೆಯಲ್ಲಿ ನಸುನೀಲಿ ಇಟ್ಟಿಗೆ. ಮೂರನೆಯದರಲ್ಲಿ ಮೆಟ್ಟಿಲ ಪಕ್ಕ. ಏಳನೆಯದರ ಹೊತ್ತಿಗೆ ನಾನು ನೋಡುವುದನ್ನೇ ಬಿಟ್ಟೆ.

ಮನೆಯಲ್ಲಿ ಆಡಿದ ನಾಲ್ಕು ಸಂಜೆಯೂ, ಅನುಮಾನ ಬಂದ ಗೋಡೆಗಳಿಗೆಲ್ಲ ಒಂದೊಂದೇ ಇಟ್ಟಿಗೆಯಂತೆ ಕತ್ತಿ ಬೀಸಿ, ಗುಂಡಿ ಒತ್ತಿ ಒತ್ತಿ ನನ್ನ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಚಿಕ್ಕಮ್ಮ ಬೇಡವೆಂದು ಕೊಟ್ಟ ಹಳೆಯ ಟೀವಿ ನಮ್ಮದು. ಬಟ್ಟೆ ಮಡಚುತ್ತಿದ್ದ ಅಕ್ಕ ಒಮ್ಮೆ ತಲೆಯೆತ್ತಿ, “ಏನೇ ಇದು, ನಿನ್ನ ಕೋಟೆಗೆಲ್ಲಾ ಕಾಮಾಲೆ ಬಂದಿದೆಯಲ್ಲೇ! ಡಾಕ್ಟರಿಗೆ ತೋರಿಸು” ಅಂದಿದ್ದಳು. ನಕ್ಕು, ತಾರೀಕು ಹಾಕಿ, ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡೆನೇ ಹೊರತು ಯೋಚಿಸಲಿಲ್ಲ. ಆ ಟೀವಿಯಲ್ಲಿ ನೀಲಿ ಬಣ್ಣ ಯಾವಾಗಲೋ ಸತ್ತುಹೋಗಿ, ಎಲ್ಲವೂ ಹಳದಿಗಟ್ಟಿತ್ತು.

ವಿಷಯ ಕೇಳಿ ಗೆರೆಯಣ್ಣ ನನ್ನ ಮುಖ ನೋಡಿದರು. “ಅಷ್ಟೇನಾ? ಕಪ್ಪು ಬಿಳುಪು ಮಾಡಿಬಿಡ್ತೀನಿ ಬಿಡು. ಹಳೇ ಆಟ, ಹಳೇ ಕಳೆ.”

ಒಂದು ಗುಂಡಿ ಒತ್ತಿದರು. ನೀಲಿ ಬೂದುಬಣ್ಣದಲ್ಲಿ ಮುಳುಗಿತು. ಆ ನಾಲ್ಕು ಸಂಜೆ ನಾನು ಕಂಡಂತೆಯೇ, ಯಾವ ಗುರುತೂ ಇಲ್ಲದೆ ಗೋಡೆ ನಿಂತಿತು. ಈಗ ನನ್ನ ವಾಕ್ಯ ನಿಜವಾಗಿತ್ತು.

ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಚೆನ್ನಾಗಿ ಬರುವ ಒಂದೇ ಕೆಲಸ. ಆದರೆ ಉಡಾಫೆ ಎಂಬ ಮಾತು ಮೇಲೆ ದಪ್ಪಕ್ಷರದಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಎದ್ದೆ.

ಸಂಪಾದಕಿ ಫೋನಿನಲ್ಲಿದ್ದರು. ನಾನು ಹೊಸ್ತಿಲಲ್ಲೇ ನಿಂತೆ.

“ಏನು, ಬಾಗಿಲಿಗೆ ಕಾವಲಾ? ಒಳಗೆ ಬಾ.”

“ಮೇಡಂ, ಸುಳಿವಿದೆ.”

“ಎಲ್ಲಿ?”

“ಎಲ್ಲಾ ಗೋಡೇಲೂ. ನೀಲಿ ಇಟ್ಟಿಗೆ. ನಮ್ಮ ಮನೆ ಟೀವೀಲಿ ನೀಲಿ ಬರಲ್ಲ.”

ಅವರು ಫೋನು ಕೆಳಗಿಟ್ಟರು. “ಅಂದ್ರೆ ನೀನು ನಾಲ್ಕು ಅಂಕ ಕೊಟ್ಟಿದ್ದು ಆಟಕ್ಕಾ, ನಿಮ್ಮ ಮನೆ ಟೀವಿಗಾ?”

“ಟೀವಿಗೆ.”

ಹೊರಗೆ ಗೆರೆಯಣ್ಣ ಜೋರಾಗಿ ಕೆಮ್ಮಿದರು.

“ಸರಿ, ಈಗ ಎಷ್ಟು ಕೊಡ್ತೀಯಾ? ಬೇಗ ಹೇಳು, ತಿದ್ದಿಸ್ತೀನಿ. ಏಳು? ಎಂಟು?”

ಗಡಿಯಾರ ಮೂರು ನಲವತ್ತು ತೋರಿಸುತ್ತಿತ್ತು. ಏಳು ಎಂದರೆ ನನ್ನ ಹೆಸರು ಅಚ್ಚಾಗುತ್ತಿತ್ತು.

“ಗೊತ್ತಿಲ್ಲ ಮೇಡಂ. ನಾನು ಆ ಆಟ ಆಡೇ ಇಲ್ಲ ಅನ್ನಿಸ್ತಿದೆ.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಕೂಗಿದರು: “ಗೆರೆಯಣ್ಣಾ, ಆ ಪುಟ ತೆಗೀರಿ. ಪದಬಂಧ ಹಾಕಿ.” ನನ್ನ ಕಡೆ ತಿರುಗಿದರು. “ಈ ಸಂಚಿಕೇಲಿ ನಿನ್ನ ಹೆಸರಿಲ್ಲ. ಕೆಲಸದ ಮಾತು ಶುಕ್ರವಾರ. ಅಲ್ಲೀವರೆಗೆ ಇಲ್ಲೇ ಕೂತು ಮೊದಲಿಂದ ಆಡು. ಬೈಯೋದಿದ್ರೆ ಆಮೇಲೂ ಬೈಯಿ. ಆದ್ರೆ ನೋಡಿ ಬೈಯಿ.”

ಆಫೀಸಿನ ಯಂತ್ರದ ಮುಂದೆ ಕೂತು ಹೊಸದಾಗಿ ಶುರುಮಾಡಿದೆ. ಮೊದಲ ಕೋಣೆ, ಹಿಂದೆ ಹತ್ತಾರು ಸಲ ಹಾದುಹೋದದ್ದು. ನನ್ನ ವೀರೆ ಬಲಕ್ಕೆ ಮುಖಮಾಡಿ ನಿಂತಿದ್ದಳು. ಅವಳ ಬೆನ್ನ ಹಿಂದೆ, ನಾನು ಒಮ್ಮೆಯೂ ಕತ್ತಿ ಬೀಸದ ಗೋಡೆಯಲ್ಲಿ, ಒಂದು ಇಟ್ಟಿಗೆ ನಸುನೀಲಿಯಾಗಿತ್ತು.

ಡೈರಿ ತೆರೆದು ಹನ್ನೊಂದು ಎಂದಿದ್ದದ್ದನ್ನು ಹೊಡೆದುಹಾಕಿದೆ. ಹನ್ನೆರಡು ಎಂದು ಬರೆಯಲು ಧೈರ್ಯವಾಗಲಿಲ್ಲ. ಜಾಗ ಖಾಲಿ ಬಿಟ್ಟು, ಅವಳನ್ನು ಎಡಕ್ಕೆ ತಿರುಗಿಸಿದೆ.