ಕೈ ಎತ್ತಿದರೆ ನೀರು

ಎದುರು ಸೀಟಿನ ಅಜ್ಜಿಯ ತುಟಿ ಅಲ್ಲಾಡುತ್ತಿದೆ, ಮಾತೋ, ಸುಮ್ಮನೆ ಏನನ್ನೋ ಅಗಿಯುತ್ತಿರುವುದೋ, ಬಸ್ಸಿನ ಗಡಗಡದಲ್ಲಿ ಗೊತ್ತಾಗುವುದಿಲ್ಲ, ಅವಳು ಬಲಗಿವಿಯನ್ನು ತುಸು ಮುಂದಕ್ಕೆ ಕೊಟ್ಟಳು — ಎಡಗಿವಿಯಂತೂ ಹೋಗಿಯೇ ಹೋಯಿತು, ಬಲಗಿವಿಯಲ್ಲಿ ಅರ್ಧ ಉಳಿದಿದೆ, ಆ ಅರ್ಧಕ್ಕೆ ಹುಣಸೆಬೀಜದಷ್ಟು ಒಂದು ಮಿಷನ್ನು — ಏನಜ್ಜಿ, ಗಂಟೆ ಎಷ್ಟಾಯ್ತು ಅಂದೆ ಕಣಮ್ಮ, ಎಂಟೂವರೆ ಅಜ್ಜಿ. ಎಂಟೂವರೆ. ಒಂಬತ್ತಕ್ಕೆ ಅಗ್ನಿಶಾಮಕ ಠಾಣೆಯಲ್ಲಿರಬೇಕು, ಇನ್ನು ನಾಲ್ಕು ಸ್ಟಾಪು, ಮಡಿಲ ಮೇಲಿನ ಚೀಲದಲ್ಲಿ ಕೋರ್ಟಿನ ಆದೇಶ, ಮಡಿಸಿ ಮಡಿಸಿ ಗೆರೆಯಲ್ಲೇ ಹರಿಯಲು ಬಂದಿದೆ, ಬಾಯಿಪಾಠವಾದ ಮೇಲೂ ದಿನಕ್ಕೊಮ್ಮೆ ತೆಗೆದು ಓದುತ್ತಾಳೆ, ಅರ್ಜಿದಾರಳನ್ನು ಕಿವಿಯ ಕಾರಣ ಮುಂದೊಡ್ಡಿ ಪಂಪಿನ ಕೆಲಸದಿಂದ ತೆಗೆದದ್ದು ತಾರತಮ್ಯ, ಅದೇ ಕೆಲಸಕ್ಕೆ ಮರಳಿ ಸೇರಿಸತಕ್ಕದ್ದು — ತಾರತಮ್ಯ, ಎಷ್ಟು ಚೊಕ್ಕ ಮಾತು, ಎರಡು ವರ್ಷ ಹೊಟ್ಟೆಯೊಳಗೆ ಕೊರೆಯುತ್ತಿದ್ದದ್ದನ್ನು ನಾಲ್ಕಕ್ಷರದಲ್ಲಿ ಮುಗಿಸಿಬಿಟ್ಟರು. ಪಂಪು, ಫೈರ್ ಇಂಜಿನ್ನಿನ ಪಕ್ಕೆಯ ಆ ಹಿತ್ತಾಳೆ ಹಿಡಿಕೆಗಳು, ಮೀಟರಿನ ಮುಳ್ಳು, ಅಂಗೈ ಇಟ್ಟರೆ ಒಳಗೆ ನೀರು ಓಡುವುದು ಮೂಳೆಗೇ ತಿಳಿಯುತ್ತಿತ್ತು, ಬಸುರಿಯ ಹೊಟ್ಟೆಯಲ್ಲಿ ಕೂಸು ಹೊರಳಿದ ಹಾಗೆ, ಹನ್ನೊಂದು ವರ್ಷ, ಎಲ್ಲರೂ ಪಂಪಕ್ಕ ಪಂಪಕ್ಕ ಎಂದು ಕರೆದೂ ಕರೆದೂ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆಮೇಲೆ ಆ ಬೇಕರಿ, ಒಳಗೆ ಸಿಲಿಂಡರ್ ಇದೆ ಎಂದು ಯಾರೂ ಹೇಳಲಿಲ್ಲ, ಸಿಡಿದದ್ದೂ ಕೇಳಲಿಲ್ಲ, ಗಾಜೆಲ್ಲ ರಸ್ತೆಗೆ ಹಾರಿ ಬರುವುದು ಮಾತ್ರ ಕಂಡಿತು, ನಿಧಾನಕ್ಕೆ, ಸದ್ದೇ ಇಲ್ಲದೆ. ಆಸ್ಪತ್ರೆ ಮುಗಿಸಿ ಬಂದ ದಿನ ಠಾಣಾಧಿಕಾರಿ ನಗುನಗುತ್ತಲೇ ಸ್ಟೋರಿನ ಬೀಗದಕೈ ಕೊಟ್ಟರು, ಇನ್ಮೇಲೆ ಇಲ್ಲಿ ಆರಾಮಾಗಿರಮ್ಮ, ಬೂಟು ಬಕೆಟ್ಟು ಹಗ್ಗ, ಕೇಳ್ದೋರಿಗೆ ಕೊಡೋದು, ಅಷ್ಟೇ. ಗಂಡನಿಗೂ ಅದೇ ಸಮಾಧಾನ, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆಯೇ, ಅಲ್ಲ ಕಣೇ, ನೆರಳಲ್ಲಿ ಕೂತು ಮಾಡೋ ಕೆಲ್ಸ, ಬೆಂಕಿಯಿಲ್ಲ ಹೊಗೆಯಿಲ್ಲ, ಯಾರಿಗುಂಟು ಈ ಭಾಗ್ಯ — ನಿಮ್ಮ ಕೈಯಿಂದ ಕತ್ತರಿ ಕಿತ್ಕೊಂಡು, ಗುಂಡಿ ವಿಂಗಡಿಸ್ತಾ ಕೂತ್ಕೊಳ್ಳಿ ಅಂದ್ರೆ ಕೂರ್ತೀರಾ, ಎಂದು ಅವಳು ಕೇಳಿದಾಗ ಅವನು ಮಿಷನ್ನು ನಿಲ್ಲಿಸಿ ತಲೆ ಎತ್ತಿದ.

ಸ್ಟೋರಿನ ಕಿಟಕಿಯಿಂದ ಗಾಡಿ ಹೊರಡುವುದು ಕಾಣುತ್ತಿತ್ತು, ಅದು ವಾಪಸಾದ ಮೇಲೆ, ಎಲ್ಲರೂ ಮುಖ ತೊಳೆಯಲು ಹೋದ ಹೊತ್ತು ನೋಡಿ, ಅವಳು ಮೆಲ್ಲಗೆ ಹೋಗಿ ಪಂಪಿನ ಮೇಲೆ ಅಂಗೈ ಇಡುತ್ತಿದ್ದಳು, ಇನ್ನೂ ಬಿಸಿ, ಬೇರೆ ಯಾರದೋ ಕೈ ಆಡಿದ ಬಿಸಿ. ಅದನ್ನೂ ನುಂಗಿಕೊಂಡಿರುತ್ತಿದ್ದಳೇನೋ, ಆ ಮಧ್ಯಾಹ್ನ ಊಟದ ಮೇಜಿನಲ್ಲಿ ಆದದ್ದು ಆಗದೇ ಇದ್ದಿದ್ದರೆ — ನಾಲ್ಕು ಜನ ಮಾತಾಡುತ್ತಿದ್ದಾರೆ, ತುಟಿ ಆಡುತ್ತಿದೆ, ಕೈ ಆಡುತ್ತಿದೆ, ಒಂದಕ್ಷರವೂ ಕೇಳುತ್ತಿಲ್ಲ, ಉಳಿದರ್ಧವೂ ಹೋಯಿತೇ, ಮಿಷನ್ನು ಕಿತ್ತು ಒರೆಸಿದಳು, ಸೆಲ್ಲು ಬದಲಿಸಿದಳು, ಇಲ್ಲ, ಏನೂ ಇಲ್ಲ, ಠಾಣಾಧಿಕಾರಿಯೂ ಬಂದು ಕೂತು ತುಟಿ ಆಡಿಸಿದರು, ಅವಳು ಬಚ್ಚಲಿಗೆ ಓಡಿ ನಲ್ಲಿ ತಿರುಗಿಸಿದಳು — ಕೇಳಿತು. ಬಕೆಟ್ಟಿಗೆ ನೀರು ಬೀಳುವುದು ಚೆನ್ನಾಗಿಯೇ ಕೇಳಿತು. ಆಗ ತಿಳಿಯಿತು, ಅವರು ದನಿಯನ್ನೇ ಹೊರಡಿಸಿರಲಿಲ್ಲ. ಬಾಗಿಲು ತೆರೆದಾಗ ಎದುರಾದ ನಗುವಿಗೆ ಮಾತ್ರ ದನಿಯಿತ್ತು. ಮೇಜಿನ ತುದಿಯಲ್ಲಿ ಉದ್ದಣ್ಣ, ಹನ್ನೊಂದು ವರ್ಷ ಅವಳು ಕೊಟ್ಟ ನೀರನ್ನೇ ನಂಬಿ ಪೈಪಿನ ತುದಿ ಹಿಡಿದು ಬೆಂಕಿಯೊಳಕ್ಕೆ ಹೋದವನು, ಅವನು ನಗಲಿಲ್ಲ, ತುಟಿಯನ್ನೂ ಆಡಿಸಿರಲಿಲ್ಲ, ಸುಮ್ಮನೆ ತಟ್ಟೆ ನೋಡುತ್ತಿದ್ದ, ಎಲ್ಲಕ್ಕಿಂತ ಅದೇ ಹೆಚ್ಚು ಉರಿಯಿತು. ದೂರು ಬರೆದಳು, ತಮಾಷೆಗೆಲ್ಲ ದೂರು ಕೊಟ್ರೆ ಹೇಗಮ್ಮ ಎಂದರು ಮೇಲಿನವರು, ಆಮೇಲೆ ಉದ್ದದ ರಜೆ, ಕೋರ್ಟು, ಆ ಕಡೆಯವರು ತಮ್ಮ ಸಾಕ್ಷಿ ಎಂದು ತಂದು ನಿಲ್ಲಿಸಿದ್ದು ಉದ್ದಣ್ಣನನ್ನೇ, ಅವಳಿಗೆ ಬೆನ್ನು, ತುಟಿ ಓದಲೂ ಆಗದು, ನ್ಯಾಯಾಧೀಶರ ಪೆನ್ನು ಗಕ್ಕನೆ ನಿಂತದ್ದು ಕಂಡಿತು, ಠಾಣಾಧಿಕಾರಿ ಕಾಲರು ಎಳೆದುಕೊಂಡದ್ದು ಕಂಡಿತು, ಏನಾಯಿತೆಂದು ಆಮೇಲೆ ಮೆಟ್ಟಿಲ ಮೇಲೆ ಅವಳ ವಕೀಲೆ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದ್ದು — ಬೆಂಕಿ ಹತ್ರದಿಂದ ನೀವು ಕೂಗಿದ್ರೆ ಇವರಿಗೆ ಕೇಳುತ್ತಾ ಅಂತ ಆ ಕಡೆ ವಕೀಲ್ರು ಕೇಳಿದ್ರು, ಇಲ್ಲ ಅಂದ್ರು ನಿಮ್ಮ ಉದ್ದಣ್ಣ, ಅವ್ರು ಖುಷಿಯಾಗಿ ಕೂತ್ಬಿಟ್ರು, ನಾನೆದ್ದು ಕೇಳ್ದೆ, ಕಿವಿ ನೆಟ್ಟಗಿದ್ದಾಗ ಕೇಳ್ತಿತ್ತಾ ಅಂತ, ಆಗ್ಲೂ ಇಲ್ಲ ಅಂದ್ರು, ಇಂಜಿನ್ ಓಡ್ತಿದ್ರೆ ಪಂಪಿನ ಹತ್ರ ನಿಂತೋರೆಲ್ಲ ಕಿವುಡ್ರೇ ಸ್ವಾಮಿ, ಹನ್ನೊಂದು ವರ್ಷದಲ್ಲಿ ನನ್ನ ಒಂದು ಕೂಗೂ ಪಂಪಕ್ಕನಿಗೆ ಕೇಳಿಲ್ಲ, ನಾನು ಕೈ ಎತ್ತಿದ್ರೆ ನೀರು ಬಂದಿದೆ, ಇಳಿಸಿದ್ರೆ ನಿಂತಿದೆ, ಒಂದ್ ಸಲಾನೂ ತಪ್ಪಿಲ್ಲ. ಕೇಸು ಗೆದ್ದದ್ದು ಅಲ್ಲಿಯೇ, ಆದರೆ ಅವಳಿಗೆ ಅದು ಕೇಳಬೇಕಿತ್ತು, ಅವನ ದನಿಯಲ್ಲೇ, ಹೊಗೆ ಕುಡಿದು ಒಡೆದ ಆ ದನಿಯಲ್ಲಿ ಪಂಪಕ್ಕ ಎಂದದ್ದು, ತಲೆಯೊಳಗೆ ಎಷ್ಟು ಸಲ ಕೂಡಿಸಿಕೊಂಡರೂ ವಕೀಲೆಯ ದನಿಯೇ ಬರುತ್ತದೆ, ಅದೂ ಅರ್ಧ.

ಸ್ಟಾಪು ಬಂತು, ಇಳಿದಳು, ಬರ್ತೀನಿ ಅಜ್ಜಿ, ಕಾಲು ತಾನಾಗಿಯೇ ಓಡುತ್ತಿದೆ, ಎರಡು ವರ್ಷದಲ್ಲಿ ಈ ರಸ್ತೆಯಲ್ಲಿ ಒಂದು ದಿನವೂ ಹೀಗೆ ಬೇಗ ನಡೆದದ್ದಿಲ್ಲ, ಅವನು ಎದುರಾದರೆ ಏನೆನ್ನುವುದು, ಹೇಗಿದೀಯಪ್ಪ ಎನ್ನುವುದೇ, ಆ ತಟ್ಟೆಯಲ್ಲಿ ಏನು ನೋಡ್ತಿದ್ದೆಯೋ ಎಂದು ಕೇಳಿಯೇಬಿಡುವುದೇ, ಬೇಡ, ಏನೂ ಬೇಡ, ಅವನು ಪೈಪು ಬಿಚ್ಚಲಿ, ನಾನು ಪಂಪಿನ ಹತ್ತಿರ ನಿಲ್ಲುತ್ತೇನೆ, ಅಷ್ಟಾದರೆ ಸಾಕು. ಎಂಟೂ ಐವತ್ತು. ಗೇಟು ಹಾರುಹೊಡೆದಿದೆ. ಒಳಗೆ ಗೋಡೆಯ ಮೇಲೆ ಕೆಂಪು ದೀಪ ಹತ್ತಿ ಆರುತ್ತಿದೆ, ಕರೆ ಬಂದರೆ ಅವಳಿಗೆ ಕಾಣಲೆಂದು ಆದೇಶದಲ್ಲಿ ಬರೆಸಿದ್ದ ದೀಪ, ಹಾಕಿಸಿದ್ದಾರೆ, ಹತ್ತುತ್ತಲೂ ಇದೆ, ಆದರೆ ಗಾಡಿಯ ಜಾಗ ಖಾಲಿ. ಫೋನಿನ ಮೇಜಿನವನು ಎದ್ದು ಹೊರಗೆ ಬಂದ, ಮೊದಲಿನ ಹಾಗೆ ಎಲ್ಲೋ ನೋಡುತ್ತಾ ಮಾತಾಡದೆ ಅವಳ ಮುಂದೆಯೇ ಬಂದು ನಿಂತು, ದನಿ ತೆಗೆದು, ಈಗಷ್ಟೇ ಹೊರಟ್ರು ಪಂಪಕ್ಕ, ಮರದ ಮಿಲ್ಲಂತೆ, ಐದು ನಿಮಿಷಾನೂ ಆಗಿಲ್ಲ, ಹೊಸ ಸಾಹೇಬ್ರು ನಿಮ್ಮನ್ನ ಕೇಳಿದ್ರು, ಉದ್ದಣ್ಣ ಅಂತೂ ಗೇಟು ದಾಟೋವರೆಗೂ ತಲೆ ಹೊರಗೆ ಹಾಕಿ ಬಸ್ ಸ್ಟಾಪಿನ ಕಡೆಗೇ ನೋಡ್ತಿದ್ದ. ಪಂಪಿಗೆ ಯಾರು ಹೋದ್ರು — ಯಾರೋ ಒಬ್ರು, ಹೋಗ್ಲೇಬೇಕಲ್ಲ. ಹೌದು, ಹೋಗಲೇಬೇಕು, ಅವಳು ಚೀಲ ಕೆಳಗಿಟ್ಟಳು, ಆದೇಶ ಯಾರಿಗೆ ಕೊಡುವುದು, ಈಗ ಮಿಲ್ಲಿನ ಮುಂದೆ ನಿಂತಿರುತ್ತಾರೆ, ಪೈಪು ಬಿಚ್ಚಿರುತ್ತಾರೆ, ಅವನು ಹೊಗೆಯ ಬಾಯಲ್ಲಿ ನಿಂತು ಕೈ ಎತ್ತಿರುತ್ತಾನೆ, ಆ ಯಾರೋ ಒಬ್ಬರು ನೋಡಿದರೋ ಇಲ್ಲವೋ, ಬೆಳಿಗ್ಗೆ ಗಾಡಿ ತೊಳೆದಿದ್ದರೆಂದು ಕಾಣುತ್ತದೆ, ನೆಲವೆಲ್ಲ ನೀರು, ಆ ನೀರಿನಿಂದಲೇ ಎದ್ದು ಹೋಗಿವೆ ಎರಡು ಒದ್ದೆ ಗೆರೆ, ಚಕ್ರದ ಅಚ್ಚು ಮೂಡಿದ ಎರಡು ಗೆರೆ, ಅಂಗಳ ದಾಟಿ ಗೇಟಿನಲ್ಲಿ ಎಡಕ್ಕೆ ತಿರುಗಿ — ಅವಳು ಅವುಗಳ ಹಿಂದೆಯೇ ಗೇಟಿನವರೆಗೆ ಬಂದಳು, ಬಿಸಿಲಿಗೆ ಅಂಚಿನಿಂದ ಆರುತ್ತಿವೆ, ಇನ್ನೂ ಕಾಣುತ್ತವೆ, ರಸ್ತೆಯ ಆ ತುದಿಯಲ್ಲಿ ತೆಳುವಾಗಿವೆ, ಇಲ್ಲಿ, ಅವಳ ಕಾಲ ಬಳಿ, ಇನ್ನೂ ಒದ್ದೆ, ಎರಡು ಗೆರೆ, ಎಡಕ್ಕೆ ತಿರುಗಿ, ಇನ್ನೂ ಒದ್ದೆ —