ಈ ಪಟ್ಟಿ ಯಾರ ಅಳತೆಗೆ?

ಯಾವ ಹೊಲಿಗೆ ಸಂಘಕ್ಕೆ ಹೋದರೂ ಒಂದೇ ಗೋಳು. ಕೆಲಸ ಇದ್ದಾಗ ದಾರ ಇರುವುದಿಲ್ಲ, ದಾರ ಇದ್ದಾಗ ಕರೆಂಟ್ ಇರುವುದಿಲ್ಲ, ಎರಡೂ ಇದ್ದಾಗ ಕೆಲಸ ಇರುವುದಿಲ್ಲ. ನಮ್ಮದೂ ಹಾಗೆಯೇ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಉದ್ದನೆಯ ಕೋಣೆ, ಎಂಟು ಮಷೀನು, ಎಂಟು ಹೆಂಗಸರು. ಬಟ್ಟೆ ಕತ್ತರಿಸುವ ಮೇಜು ನಮ್ಮ ಅತ್ತೆಯದು. ಗುಂಡಿಗೆ ಕಾಜಾ ಹಾಕುವುದು ನನ್ನ ಪಾಲು. ಮನೆಯಲ್ಲೂ ಅತ್ತೆ, ಕೆಲಸದಲ್ಲೂ ಅತ್ತೆ. ನನ್ನ ಹಣೆಬರಹ ಬರೆದವನಿಗೆ ಬೇರೆ ಯಾರೂ ಸಿಗಲಿಲ್ಲವೇನೋ.

ನಾವು ಹೆಚ್ಚಾಗಿ ಹೊಲಿಯುವುದು ಆಸ್ಪತ್ರೆಯ ಸಾಮಾನು. ಮಂಚದ ಹಾಸು, ದಾದಿಯರ ಮೇಲಂಗಿ, ಮಕ್ಕಳಿಗೆ ಮೂಗಿನಲ್ಲಿ ಮದ್ದು ಎಳೆಸುವ ಮುಖವಾಡದ ಪಟ್ಟಿ. ಏನೇ ಬರಲಿ, ಅತ್ತೆಯದು ಒಂದು ನಿಯಮ. ಹಾಕಿಕೊಳ್ಳುವವರು ಯಾರು ಎಂದು ಕೇಳದೆ ಕತ್ತರಿ ಎತ್ತುವುದಿಲ್ಲ. ಮೊದಲ ನಮೂನೆಯನ್ನು ನಮ್ಮಲ್ಲೇ ಒಬ್ಬಳು ಹಾಕಿಕೊಂಡು ನೋಡಬೇಕು. ಆ ಒಬ್ಬಳು ಯಾವಾಗಲೂ ನಾನೇ.

ಕೆಲಸವಿಲ್ಲದೆ ಕೂತಿದ್ದ ಒಂದು ವಾರ, ಆರ್ಡರು ತರುವ ಏಜೆಂಟ್ ಬಂದ. ಕಂಕುಳಲ್ಲಿ ಸದಾ ಫೈಲು ಇಟ್ಟುಕೊಳ್ಳುವುದರಿಂದ ನಾವೆಲ್ಲ ಅವನನ್ನು ಫೈಲಪ್ಪ ಎನ್ನುತ್ತೇವೆ. ದಪ್ಪ ಪಟ್ಟಿಗಳ ಒಂದು ನಮೂನೆಯನ್ನು ಮೇಜಿನ ಮೇಲಿಟ್ಟ. ಮುಖವಾಡ ಕಟ್ಟುವುದಕ್ಕೆ ಒಂದು, ಕೈಗೆ ಎರಡು, ಕಾಲಿಗೆ ಎರಡು. ಇಂಥವು ಹನ್ನೆರಡು ಜೊತೆ ಬೇಕು ಎಂದ.

"ಹಾಕ್ಕೊಳ್ಳೋರು ಯಾರಪ್ಪ?" ಅತ್ತೆ ಕೇಳಿದರು.

"ಆಸ್ಪತ್ರೆ ಥರದ್ದೇ ಅಮ್ಮ. ಸರ್ಕಾರದ್ದು. ಬಕಲ್ ಮಾತ್ರ ತಲೆ ಹಿಂದುಗಡೆ ಬರಬೇಕಂತೆ. ತೊಳೆಯೋ ಬಟ್ಟೆ ಆಗಬೇಕಂತಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ ಅವನು ಇಳಿದು ಹೋದ. ಅತ್ತೆ ನಮೂನೆಯನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುವಿದರು. "ತೊಳೆಯೋದು ಬೇಡ ಅನ್ನೋ ಆಸ್ಪತ್ರೆ ಯಾವುದೇ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು.

ನಿಯಮದಂತೆ ನಾನು ಕುರ್ಚಿಯಲ್ಲಿ ಕೂತೆ. ಪಕ್ಕದ ಮಷೀನಿನವಳು ತಮಾಷೆಗೆಂದು ನನ್ನ ಎರಡೂ ಕೈಗಳನ್ನು ಕುರ್ಚಿಯ ತೋಳಿಗೆ ಬಿಗಿದಳು. ಮಕ್ಕಳ ಮುಖವಾಡವೊಂದನ್ನು ಬಾಯಿಮೂಗಿಗೆ ಇಟ್ಟು, ಪಟ್ಟಿಯನ್ನು ತಲೆಯ ಹಿಂದೆ ಎಳೆದು ಬಕಲ್ ಹಾಕಿದಳು. "ಅಂತೂ ಸೊಸೆ ಬಾಯಿಗೆ ಬೀಗ ಬಿತ್ತು, ಇನ್ನು ಅತ್ತೆಗೆ ನೆಮ್ಮದಿ" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮೂಗು ಕಡಿಯಿತು. ಕೈ ಎತ್ತಲು ಹೋದೆ, ಆಗಲಿಲ್ಲ. ಬಿಚ್ಚಿ ಎಂದೆ. ಮುಖವಾಡದೊಳಗಿನ ಮಾತು ಯಾರಿಗೂ ಕೇಳಲಿಲ್ಲ, ನಗುತ್ತಲೇ ಇದ್ದರು. ಅಷ್ಟರಲ್ಲಿ ನನ್ನ ಉಸಿರು ನನಗೇ ಸಾಲದಾಯಿತು. ಆ ಹೆದರಿಕೆ ಎಂಥದ್ದೆಂದು ನಾನು ಬರೆದು ತೋರಿಸಲಾರೆ.

ಮೇಲಂಗಿಗಳನ್ನು ಒಯ್ಯಲು ಆಸ್ಪತ್ರೆಯ ದಾದಿ ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದಳು. ಅತ್ತೆಗೆ ಅವಳು ಹಳೆಯ ಸ್ನೇಹಿತೆ, ಅಕ್ಕ ಎಂದೇ ಕರೆಯುತ್ತಾಳೆ. ನನ್ನ ಕಣ್ಣು ನೋಡಿದವಳೇ ಓಡಿ ಬಂದು ಬಕಲ್ ಹುಡುಕಿ ಬಿಚ್ಚಿದಳು. ಬಿಚ್ಚಲು ಅವಳಿಗೂ ಹೊತ್ತು ಹಿಡಿಯಿತು.

"ಇದನ್ನ ಯಾವ ರೋಗಿಗೆ ಹಾಕ್ತಾರೆ ಅಕ್ಕ?" ಎಂದು ಕೇಳಿದಳು. "ನಮ್ಮಲ್ಲಿ ಮುಖವಾಡ ಒಂದೇ ಎಳೆತಕ್ಕೆ ಬರಬೇಕು. ರೋಗಿಗೆ ವಾಂತಿ ಬಂದ್ರೆ ತಾನೇ ಕಿತ್ತು ತೆಗೆಯೋ ಹಾಗಿರಬೇಕು, ಇಲ್ಲಾಂದ್ರೆ ಉಸಿರುಗಟ್ಟುತ್ತೆ. ಇದು ಹಾಕ್ಕೊಂಡೋರು ತೆಗೀಬಾರದು ಅಂತ್ಲೇ ಮಾಡಿರೋದು."

ಅತ್ತೆ ಫೈಲಪ್ಪನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. "ಸುತ್ತಿ ಬಳಸಿ ಮಾತಾಡಬೇಡ. ಇದು ಎಲ್ಲಿಗೆ?"

"ಜೈಲಿಗೆ ಅಮ್ಮ," ಎಂದ.

ದಾದಿಗೆ ವಿಷಯ ಗೊತ್ತಿತ್ತು. ಹತ್ತು ದಿನದ ಹಿಂದೆ ಪತ್ರಿಕೆಯಲ್ಲಿ ಸರ್ಕಾರದ ಪ್ರಕಟಣೆ ಬಂದಿತ್ತಂತೆ. ಇನ್ನು ಮುಂದೆ ಮರಣದಂಡನೆ ಆದವರನ್ನು ನೇಣಿಗೆ ಹಾಕುವ ಬದಲು, ಮುಖವಾಡ ಕಟ್ಟಿ ನೈಟ್ರೋಜನ್ ಗಾಳಿ ಬಿಡುವುದು. ನಿಯಮದ ಕರಡು ಹೊರಡಿಸಿದ್ದಾರೆ. ಜನರಿಗೆ ಆಕ್ಷೇಪಣೆ ಇದ್ದರೆ ತಿಂಗಳ ಕೊನೆಯೊಳಗೆ ಬರೆದು ತಿಳಿಸಬೇಕು.

"ನಾವು ಉಸಿರಾಡೋ ಗಾಳಿಯಲ್ಲೂ ಅದೇ ಜಾಸ್ತಿ ಇರೋದು," ದಾದಿ ಹೇಳಿದಳು. "ಆದ್ರೆ ಬರೀ ಅದೇ ಒಳಗೆ ಹೋದ್ರೆ ಆಮ್ಲಜನಕ ಸಿಗಲ್ಲ, ಜೀವ ಹೋಗುತ್ತೆ. ನೋವೇ ಇಲ್ಲ, ನಿದ್ದೆ ಬಂದ ಹಾಗೆ ಅಂತಾರೆ. ಬೇರೆ ದೇಶದಲ್ಲಿ ಒಂದು ಸಲ ಮಾಡಿದಾಗಲೂ ಹಾಗೇ ಅಂದಿದ್ರು. ಎದುರಿಗಿದ್ದು ನೋಡಿದವರು, ಆತ ನಿಮಿಷಗಟ್ಟಲೆ ಒದ್ದಾಡಿದ ಅಂತ ಬರೆದಿದ್ದಾರೆ. ಅಲ್ಲಿ ಅದಕ್ಕೆ ಮುಂಚೆ ಸೂಜಿ ಚುಚ್ಚಿ ಕೊಲ್ತಿದ್ರು, ಅದಕ್ಕೆ ನಮ್ಮ ಔಷಧಿ ಕೊಡಲ್ಲ ಅಂತ ಎಷ್ಟೋ ಕಂಪನಿಗಳು ಅಂದ್ವು. ಎಷ್ಟೋ ಡಾಕ್ಟರುಗಳು ನಾವು ಕೈ ಹಾಕಲ್ಲ ಅಂದ್ರು. ಈಗ ನೋಡಿ, ಹೊಲಿಯೋರ ಹತ್ರ ಬಂದಿದ್ದಾರೆ."

ನಾನು ಅತ್ತೆಯ ಮುಖ ನೋಡಿದೆ. ಬೇಡ ಎಂದು ನಮೂನೆಯನ್ನು ಪಕ್ಕಕ್ಕಿಡುತ್ತಾರೆ ಎಂದುಕೊಂಡಿದ್ದೆ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು, ಸೀಮೆಸುಣ್ಣ ಕೈಗೆತ್ತಿಕೊಂಡರು.

"ಹಾಗಾದ್ರೆ ನಾನೇ ಹೊಲೀತೀನಿ," ಎಂದರು. "ಹನ್ನೆರಡೂ ನಾನೇ ಹೊಲೀತೀನಿ. ನೀವ್ಯಾರೂ ಮುಟ್ಟೋದು ಬೇಡ."

ಯಾಕೆಂದು ನಿಮಗೆ ಹೇಳಬೇಕು. ಅತ್ತೆಗೆ ಒಬ್ಬನೇ ತಮ್ಮ ಇದ್ದ. ಗಡಿಯಾರ ರಿಪೇರಿ ಮಾಡುತ್ತಿದ್ದ, ಯಾರ ತಂಟೆಗೂ ಹೋದವನಲ್ಲ. ಒಂಬತ್ತು ವರ್ಷದ ಹಿಂದೆ ಅವನ ಅಂಗಡಿಯಲ್ಲೇ ಅವನನ್ನು ಕೊಂದರು. ಕೊಂದವನು ಈಗ ಅದೇ ಜೈಲಿನಲ್ಲಿದ್ದಾನೆ, ಮರಣದಂಡನೆ ಖಾಯಂ ಆಗಿದೆ. ಹೊಸ ನಿಯಮ ಬಂದರೆ ಮೊದಲು ಕುರ್ಚಿಯಲ್ಲಿ ಕೂರುವವನು ಅವನೇ.

"ಅಕ್ಕ, ದುಃಖ ನಿಮ್ಮದು, ಇಲ್ಲ ಅನ್ನಲ್ಲ," ದಾದಿ ಹೇಳಿದಳು. "ಆದ್ರೆ..."

"ಆದ್ರೆ ಗೀದ್ರೆ ಬೇಡ. ನನ್ನ ತಮ್ಮ ಅಂಗಡಿ ನೆಲದ ಮೇಲೆ ಬಿದ್ದಿದ್ದಾಗ ಅವನಿಗೆ ಎಷ್ಟು ನಿಮಿಷ ಹಿಡೀತು ಅಂತ ಯಾವ ಪತ್ರಿಕೆಯವರೂ ಬರೀಲಿಲ್ಲ. ಇವನಿಗೆ ನಿದ್ದೆ ಬಂದ ಹಾಗೆ ಸಾವು ಬೇರೆ. ಅದೇ ಹೆಚ್ಚಾಯ್ತು."

"ಈತನೇ ಕೊಂದಿದ್ದು ಅಂತ ಗಟ್ಟಿಯಾಗಿ ಗೊತ್ತಾ?"

"ಅವನೇ ಒಪ್ಕೊಂಡಿದ್ದಾನೆ. ತಪ್ಪಾಗೋ ಮಾತೇ ಇಲ್ಲ."

ದಾದಿ ಮೇಲಂಗಿಗಳ ಗಂಟನ್ನು ಎತ್ತಿಕೊಂಡಳು. ಬಾಗಿಲ ಹತ್ತಿರ ನಿಂತು, ಮೆತ್ತಗೆ ಹೇಳಿದಳು. "ಮೊದಲ್ನೇ ಸಲಾನೂ ಹಾಗೇ ಅಂದಿದ್ರಿ ಅಕ್ಕ."

ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ದಾದಿ ಎತ್ತಿದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಇವಳಾದರೂ ಆಡಿದಳಲ್ಲ ಎಂದು ಸಮಾಧಾನವೂ ಆಯಿತು.

ಮೊದಲನೇ ಸಲ ಆದದ್ದು ಇದು. ತಮ್ಮನ ಹೆಣದ ಪಕ್ಕ ಹರಿದ ಅಂಗಿಯೊಂದು ಬಿದ್ದಿತ್ತು. ಪೊಲೀಸರು ತೋರಿಸಿದರು. ಅತ್ತೆ ಕಾಲರನ್ನು ತಿರುಗಿಸಿ ನೋಡಿ, ಇದು ನಾನೇ ಹೊಲಿದದ್ದು, ಬೋರ್ಡು ಬರೆಯುವ ಪೇಂಟರನಿಗೆ ಹೊಲಿದದ್ದು, ನನ್ನ ಹೊಲಿಗೆ ನನಗೆ ಗೊತ್ತಿಲ್ಲವೇ ಎಂದರು. ಕೋರ್ಟಿನಲ್ಲೂ ಕಡ್ಡಿ ಮುರಿದಂತೆ ಅದನ್ನೇ ಹೇಳಿದರು. ಪೇಂಟರನಿಗೆ ಮರಣದಂಡನೆ ಆಯಿತು. ಅಂಗಿ ಒಣಹಾಕಿದ ಹಗ್ಗದಿಂದ ಕಳುವಾಗಿತ್ತು ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ನಾಲ್ಕು ವರ್ಷ ಆದ ಮೇಲೆ ಬೇರೊಂದು ಕಳ್ಳತನದಲ್ಲಿ ಒಬ್ಬ ಸಿಕ್ಕಿಬಿದ್ದ. ಅವನ ಪೆಟ್ಟಿಗೆಯಲ್ಲಿ ತಮ್ಮನ ಅಂಗಡಿಯ ಗಡಿಯಾರಗಳಿದ್ದವು. ಅಂಗಿ ಸರಿಯಾಗಿಯೇ ಇತ್ತು, ಆಳು ತಪ್ಪಾಗಿತ್ತು.

ಪೇಂಟರ್ ಬಿಡುಗಡೆಯಾದ. ಅತ್ತೆ ಅಂದಿನಿಂದ ಅವನಿರುವ ಬೀದಿಯನ್ನೇ ತುಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಕೆಲಸಕ್ಕೆ ಹೋಗುವ ದಾರಿಯನ್ನು ಬಿಟ್ಟು ಬೇರೆ ಕಡೆ ತಿರುಗಿದರು. ನಾನು ಹಿಂದೆಯೇ ಹೋದೆ. ಔಷಧಿ ಅಂಗಡಿಯೊಂದರ ಮುಂದೆ ಪೇಂಟರ್ ಏಣಿಯ ಮೇಲೆ ನಿಂತು ಅಕ್ಷರ ಬರೆಯುತ್ತಿದ್ದ. ಅತ್ತೆಯನ್ನು ಕಂಡು ಇಳಿದು ಬಂದ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ, "ಬನ್ನಿ ಅಮ್ಮ," ಎಂದ. ದಿನಾ ಬರುವ ಗಿರಾಕಿಯನ್ನು ಕರೆದಷ್ಟು ಸಾಮಾನ್ಯವಾಗಿ ಕರೆದ.

ಅತ್ತೆ ಸುತ್ತುಬಳಸು ಮಾಡುವವರಲ್ಲ. ಪಟ್ಟಿಯ ಆರ್ಡರು, ಹೊಸ ನಿಯಮ ಎಲ್ಲ ಹೇಳಿ, "ನನ್ನ ತಮ್ಮನನ್ನ ಕೊಂದವನಿಗೆ ಹೊಲಿಯೋಣ ಅಂತ ಕೂತೆ, ಕೈ ಏಳಲಿಲ್ಲ. ನೀನು ಹೇಳು, ಹೊಲೀಲಾ ಬೇಡ್ವಾ?" ಎಂದರು.

"ಅವನ ಮೇಲೆ ನನಗೂ ಕನಿಕರ ಇಲ್ಲ ಅಮ್ಮ," ಪೇಂಟರ್ ಹೇಳಿದ. "ನನ್ನ ನಾಲ್ಕು ವರ್ಷಾನೂ ತಿಂದವನು ಅವನು. ಒಳಗೇ ಇರಲಿ, ಸಾಯೋತನಕ ಇರಲಿ. ಆದ್ರೆ ನಿಮಗೆ ಹನ್ನೆರಡು ಜೊತೆ ಹೇಳಿದ್ದಾರೆ. ಒಂದು ಅವನಿಗೆ. ಉಳಿದ ಹನ್ನೊಂದು ಯಾರ ಅಳತೆಗೆ?"

ಅತ್ತೆ ಏಣಿಯನ್ನು ಹಿಡಿದುಕೊಂಡು ನಿಂತರು.

"ನಿಮಗೆ ಒಂದು ವಿಷಯ ಹೇಳಬೇಕಿತ್ತು, ಹೇಳೋಕಾಗಿರಲಿಲ್ಲ," ಅವನು ಮುಂದುವರಿಸಿದ. "ನನ್ನ ನೇಣಿಗೆ ತಾರೀಕು ಗೊತ್ತುಮಾಡಿದ್ರು. ಅಳತೆ ತಗೊಳ್ಳೋಕೆ ಒಬ್ಬ ಬಂದ. ಪಾಪ, ಅವನೂ ಕೆಲಸದವನೇ. ತೂಕ ನೋಡಿದ, ಎತ್ತರ ನೋಡಿದ, ಆಮೇಲೆ ಕತ್ತಿಗೆ ಟೇಪು ಸುತ್ತಿ 'ಹದಿನೈದೂವರೆ' ಅಂತ ಜೋರಾಗಿ ಹೇಳಿ ಬರ್ಕೊಂಡ. ಅಂಗಿಗೆ ಅಳತೆ ತಗೊಂಡಾಗ ನೀವೂ ಹಾಗೇ ಜೋರಾಗಿ ಹೇಳಿದ್ರಿ. ಹದಿನೈದೂವರೆ, ಕಾಲರು ಸ್ವಲ್ಪ ಸಡಿಲ ಇಡ್ತೀನಿ ಅಂದಿದ್ರಿ. ಅವನು ಸಡಿಲ ಇಡ್ತೀನಿ ಅನ್ನಲಿಲ್ಲ. ಹದಿನೆಂಟು ದಿನ ಬಾಕಿ ಇತ್ತು, ಅಷ್ಟರಲ್ಲಿ ಇವನು ಸಿಕ್ಕಿಬಿದ್ದ."

ನಮ್ಮ ಅತ್ತೆ ಅತ್ತದ್ದನ್ನು ನಾನು ಮದುವೆಯಾಗಿ ಬಂದಮೇಲೆ ಕಂಡಿರಲಿಲ್ಲ. ಅವತ್ತು ಬೀದಿಯಲ್ಲಿ, ಬಣ್ಣದ ಡಬ್ಬಿಗಳ ನಡುವೆ ಕೂತು ಅತ್ತರು. "ನನ್ನ ಬಾಯಿಂದಲೇ ನಿನ್ನ ಜೀವ ಹೋಗ್ತಿತ್ತಲ್ಲಪ್ಪ," ಎಂದರು. ಪೇಂಟರ್ ಅಂಗಡಿಯೊಳಗೆ ಹೋಗಿ ನೀರು ತಂದು ಕೊಟ್ಟ.

ವಾಪಸ್ ಬರುವಾಗ ಅತ್ತೆ ಹೇಳಿದ್ದು ಒಂದೇ ಮಾತು. "ಸಿಟ್ಟಿನಲ್ಲಿ ಕುಯ್ದ ಮೂಗು ಶಾಂತವಾದಾಗ ಬರಲ್ಲ ಅಂತ ನಮ್ಮಮ್ಮ ಹೇಳ್ತಿದ್ಲು. ನಾನು ಅದನ್ನ ಜಗಳಕ್ಕೆ ಹೇಳೋ ಗಾದೆ ಅಂದ್ಕೊಂಡಿದ್ದೆ ಕಣೆ."

ಆ ಮಧ್ಯಾಹ್ನ ಫೈಲಪ್ಪ ಬಂದಾಗ ನಮೂನೆ ಮೇಜಿನ ಮೇಲೆ ಹಾಗೆಯೇ ಇತ್ತು. ನೀವು ಹೊಲಿಯದಿದ್ದರೆ ಬೇರೆ ಯಾರೋ ಹೊಲಿಯುತ್ತಾರೆ ಎಂದ. "ಹೊಲೀಲಿ," ಅತ್ತೆ ಹೇಳಿದರು. "ಅವರ ಹತ್ರಾನೂ ಹೋಗಿ ಮಾತಾಡ್ತೀನಿ. ವಿಳಾಸ ಕೊಟ್ಟು ಹೋಗು." ಅವನು ಪಟ್ಟಿಗಳನ್ನು ಫೈಲಿನೊಳಗೆ ತುರುಕಿಕೊಂಡು ಹೋದ. ನಮಗೆ ಆ ವಾರವೂ ಕೆಲಸವಿರಲಿಲ್ಲ. ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಅವುಗಳನ್ನು ಹೊಲಿದು ಕೊಡಬೇಕಿತ್ತು ಎಂದು ಎಂಟು ಜನರಲ್ಲಿ ಒಬ್ಬಳೂ ಅನ್ನಲಿಲ್ಲ.

ಮನೆಯಲ್ಲಿ ಅತ್ತೆ ಸರ್ಕಾರಕ್ಕೆ ಆಕ್ಷೇಪಣೆ ಬರೆಯಲು ಕೂತಾಗ ನನ್ನ ಗಂಡ, ಅಂದರೆ ಅತ್ತೆಯ ಮಗ, ಗೊಣಗಿದ. "ಅಮ್ಮ, ನಿನ್ನ ಒಂದು ಪತ್ರಕ್ಕೆ ಸರ್ಕಾರ ಬಗ್ಗುತ್ತಾ?"

"ನೀನು ತೊಟ್ಟಿರೋ ಅಂಗಿ ಒಂದೇ ಹೊಲಿಗೇಲಿ ನಿಂತಿದೆಯೇನೋ?" ಅತ್ತೆ ಕೇಳಿದರು. "ಕೂತ್ಕೊ, ನೀನೂ ಬರಿ. ಕೊಂದದ್ದು ನಿನ್ನ ಸೋದರಮಾವನನ್ನ. ನಿನ್ನ ಮಾತಿಗೆ ತೂಕ ಇದೆ."

ಅವನು ಬರೆದ. ಅವನ ಅಕ್ಷರವನ್ನು ಸರ್ಕಾರದವರು ಓದಿದರೆ ಅದೇ ದೊಡ್ಡ ಪವಾಡ, ಆದರೆ ಬರೆದ. ಅತ್ತೆಯ ಪತ್ರ ಮಾತ್ರ ಐದೇ ಸಾಲು:

"ಕೊಲೆಯಾದವನು ನನ್ನ ತಮ್ಮ. ಕೊಂದವನು ಜೈಲಿನಲ್ಲಿ ಇರಲಿ, ಹೊರಗೆ ಬರುವುದು ಬೇಡ. ಆದರೆ ನಾನು ಖಂಡಿತವಾಗಿ ಹೇಳಿದ ಸಾಕ್ಷಿಯಿಂದ ತಪ್ಪು ಮನುಷ್ಯ ಸಾಯುವುದರಲ್ಲಿದ್ದ. ಹಗ್ಗ ತೆಗೆದು ಗಾಳಿ ತಂದರೆ ಆ ತಪ್ಪು ಸರಿಯಾಗುವುದಿಲ್ಲ. ಹೊಸ ವಿಧಾನವೂ ಬೇಡ, ಹಳೆಯದೂ ಬೇಡ, ಮರಣದಂಡನೆಯೇ ಬೇಡ."

ಕೆಳಗೆ ಎಂಟು ಜನರೂ ಸಹಿ ಹಾಕಿದೆವು. ಪೇಂಟರ್ ಬಂದು ಒಂಬತ್ತನೆಯ ಸಹಿ ಹಾಕಿದ. ಅವನ ಅಕ್ಷರ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇನ್ನು ಮಾತು ನಿಮ್ಮದು. ಆಕ್ಷೇಪಣೆ ಬರೆಯಲು ವಕೀಲರು ಬೇಕಿಲ್ಲ, ದೊಡ್ಡ ಮಾತು ಬೇಕಿಲ್ಲ. ಬಿಳಿ ಹಾಳೆಯ ಮೇಲೆ ನಿಮ್ಮ ಹೆಸರು, ವಿಳಾಸ, ಯಾಕೆ ಬೇಡ ಎನ್ನುವುದಕ್ಕೆ ಒಂದೇ ಒಂದು ಕಾರಣ, ಕೆಳಗೆ ಸಹಿ. ಬರೆಯಲು ಬಾರದಿದ್ದರೆ ನಮ್ಮ ಕೋಣೆಗೆ ಬನ್ನಿ, ನೀವು ಹೇಳಿ, ನಾವು ಬರೆಯುತ್ತೇವೆ. ತಿಂಗಳು ಮುಗಿಯುವುದರೊಳಗೆ ಅದು ಸರ್ಕಾರದ ಪ್ರಕಟಣೆಯಲ್ಲಿರುವ ವಿಳಾಸಕ್ಕೆ ತಲುಪಬೇಕು. ನಿಮ್ಮ ಕೈಗೆ ಬರುವ ಯಾವ ಕೆಲಸವೇ ಆಗಲಿ, ಬೆಸುಗೆಯೋ ಬಡಗಿ ಕೆಲಸವೋ, ಇದು ಯಾರಿಗೆ ಎಂದು ಒಮ್ಮೆ ಕೇಳಿ. ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಅಂಥವನಿಗೆ ಇದೇ ಸರಿ ಎಂದು ನಿಮಗೆ ಇನ್ನೂ ಅನ್ನಿಸುತ್ತಿದ್ದರೆ, ನಮ್ಮ ಅತ್ತೆ ಒಂದು ಕೆಲಸ ಹೇಳಿದ್ದಾರೆ. ಮನೆಯಲ್ಲಿ ಟೇಪು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ದಾರವಾದರೂ ಸರಿ. ನಿಮ್ಮ ಗಂಡನದೋ ಮಗನದೋ ತಮ್ಮನದೋ ಕತ್ತಿನ ಅಳತೆ ತೆಗೆದುಕೊಳ್ಳಿ. ಎಷ್ಟು ಬಂತೆಂದು ಜೋರಾಗಿ ಹೇಳಿ. ಆಮೇಲೆ ಕೂತು ಪತ್ರ ಬರೆಯಿರಿ.