ಹಗೇವಿನ ಬಾಯಿ

ಕಾಶಿಬಾಯಿ ತಾಯಿಯನ್ನು ಕಂಬಳಿಯ ಮೇಲೆ ಹಾಕಿಕೊಂಡು ಹೊರಗೆ ಎಳೆಯುತ್ತಿದ್ದಳು. ಅಡುಗೆಮನೆಯಿಂದ ತಲೆಬಾಗಿಲಿಗೆ ಹದಿನೆಂಟು ಹೆಜ್ಜೆ. ದಾರಿ ಒಬ್ಬರು ಅಡ್ಡಡ್ಡ ಸರಿಯುವಷ್ಟು ಅಗಲ. ಎರಡೂ ಬದಿಗೆ ಒಡೆದ ಗಡಿಗೆ, ಸವೆದ ಕಸಬರಿಗೆ, ಗಂಟು ಕಟ್ಟಿದ ಚಿಂದಿ, ಬೂದಿ ತುಂಬಿದ ಡಬ್ಬಿಗಳು ತೊಲೆಯ ತನಕ ಏರಿದ್ದವು. ಕಂಬಳಿಯ ಅಂಚು ಒಂದು ಗಡಿಗೆಗೆ ಸಿಕ್ಕಿಕೊಂಡಿತು. ಅವಳು ನಿಂತು, ಬಗ್ಗಿ, ಮೆಲ್ಲಗೆ ಬಿಡಿಸಿದಳು. ಗಡಿಗೆ ಉರುಳಿದ್ದರೆ ಮೇಲಿನದೆಲ್ಲ ತಾಯಿಯ ಮುಖದ ಮೇಲೆ ಬೀಳುತ್ತಿತ್ತು.

ಹೊರಗೆ ಬೆಳಕು ಹರಿಯುತ್ತಿತ್ತು. ಪಕ್ಕದ ಮನೆಯ ಹಣಮವ್ವ ಅಂಗಳಕ್ಕೆ ನೀರು ಹಾಕಲು ಬರುವ ಹೊತ್ತು. ಅದರೊಳಗೆ ತಾಯಿ ಕಟ್ಟೆಯ ಮೇಲಿರಬೇಕು. ಬಾಗಿಲಿಗೆ ಕೀಲಿ ಬಿದ್ದಿರಬೇಕು.

ಕಟ್ಟೆಯ ಮೇಲೆ ಮಲಗಿಸಿ, ಸೆರಗು ಸರಿಮಾಡಿ, ಕೂದಲಿಗೆ ಹತ್ತಿದ ಜೇಡರ ಬಲೆಯನ್ನು ತೆಗೆದಳು. ಕೀಲಿ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕುಳಿತು, ಹಣಮವ್ವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅತ್ತಳು.

ಹೊತ್ತು ಏರುವಷ್ಟರಲ್ಲಿ ಕಿಣ್ಣಿ ಸುಲ್ತಾನದ ಅರ್ಧ ಊರು ಅಂಗಳದಲ್ಲಿತ್ತು. ತಾಯಿ ನಿಂಬೆವ್ವನ ಮೈ ತೊಳೆದು, ವಿಭೂತಿ ಹಚ್ಚಿ, ಮಣ್ಣಿಗೆ ಒಯ್ಯುವ ತನಕ ಕುಳ್ಳಿರಿಸಬೇಕು. ಕುಳ್ಳಿರಿಸುವುದು ಪಡಸಾಲೆಯಲ್ಲಿ.

"ಕೀಲಿ ತೆಗಿ ಬೇ," ಎಂದಳು ಹಣಮವ್ವ. "ಸ್ವಂತ ಮನಿ ಇದ್ದಾಕಿನ್ನ ಹೊರಗ ಕುಂದ್ರಸ್ತಾರೇನು? ಪರದೇಶಿ ಹೆಣಾನ ಇದು?"

"ತೊಲಿ ಬಿರುಕು ಬಿಟ್ಟದ ದೊಡ್ಡವ್ವ. ಇಷ್ಟು ಮಂದಿ ಒಳಗ ಬಂದ್ರ ಬೀಳ್ತದ."

"ನಾಕು ವರ್ಷ ಆತು ನಿಮ್ಮ ತೊಲಿ ಬೀಳಾಕತ್ತು. ನನ್ನ ಎರಡು ಹಲ್ಲು ಬಿದ್ದು ಹ್ವಾದವು, ಆ ತೊಲಿ ಇನ್ನಾ ಬೀಳವಲ್ದು."

ಹಿಂದೆ ನಿಂತ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಕಾಶಿ ತಲೆ ಎತ್ತಲಿಲ್ಲ.

"ಅವ್ವನ ಮಾತು ಅದು. ಗಾಳಿಗೆ ಕುಂದ್ರಸು ಅಂದಿದ್ಳು."

ಸತ್ತವಳ ಮಾತಿಗೆ ಯಾರೂ ಎದುರಾಡಲಿಲ್ಲ. ಕಾಶಿ ತೋರಿಸಿದಂತೆಯೇ ನಿಂಬೆವ್ವನನ್ನು ಮುಚ್ಚಿದ ಬಾಗಿಲಿಗೆ ಒರಗಿಸಿ ಕುಳ್ಳಿರಿಸಿದರು. ತಲೆ ಬಾಗದಂತೆ ಹಣೆಗೆ ಬಿಗಿದ ಬಿಳಿ ಬಟ್ಟೆಯನ್ನು ಬಾಗಿಲ ಚಿಲಕಕ್ಕೆ ಕಟ್ಟಿದರು. ಮುಖ ಅಂಗಳದ ಕಡೆಗಿತ್ತು.

ಅಯ್ಯನವರು ಬಂದರು. ಅವರ ಜೋಳಿಗೆಗೂ ಕುಣಿ ತೋಡುವವರಿಗೂ ಜೋಳ ಕೊಡಬೇಕು. ಸತ್ತವಳ ಮನೆಯದೇ ಆಗಬೇಕು, ಇಸಕೊಂಡು ತಂದದ್ದು ನಡೆಯದು. ಕಾಶಿ ಕೊಟ್ಟಿಗೆಗೆ ಹೋಗಿ, ಹುಲ್ಲಿನ ಹಿಂದೆ ಉಳಿದಿದ್ದ ಅರ್ಧ ಚೀಲದಿಂದ ಒಂದು ಮೊರ ಜೋಳ ತಂದಳು. ಹಣಮವ್ವ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದಳು.

"ನಿಮ್ಮ ಹಗೇವಿಂದೇನ ಇದು?"

"ಹೌದು."

"ಯಾವಾಗ ತೆಗದ್ರಿ? ನನ್ನ ಕಣ್ಣಿಗಿ ಬೀಳಲಿಲ್ಲಲ್ಲ."

"ಮೊನ್ನಿ. ನೀ ಆಳಂದ ಸಂತಿಗಿ ಹೋಗಿದ್ದೆಲ್ಲ, ಅವತ್ತು."

ಹದಿನಾರರ ಕಾಶಿಗೆ ಸುಳ್ಳು ಹೇಳುವ ರೀತಿ ಗೊತ್ತಿತ್ತು. ಸುಳ್ಳು ಗಿಡ್ಡದಿರಬೇಕು. ಕೇಳಿದವರು ಊರಲ್ಲಿಲ್ಲದ ದಿನದ್ದಿರಬೇಕು.

ಹಗೇವು ಅಂಗಳದ ನಡುವೆಯೇ ಇತ್ತು. ಎರಡು ಆಳಿನಷ್ಟು ಆಳದ ನೆಲದೊಳಗಿನ ಕಣಜ. ಬಾಯಿಗೆ ಒಂದು ಚಪ್ಪಡಿ, ಚಪ್ಪಡಿಯ ಸುತ್ತ ಮೆತ್ತಿದ ಮಣ್ಣು. ಪ್ರತಿ ವಾರ ಕಾಶಿ ಅದಕ್ಕೆ ಹೊಸ ಮಣ್ಣು ಮೆತ್ತಿ ಸೆಗಣಿ ಸಾರಿಸುತ್ತಿದ್ದಳು. ನೋಡಿದವರಿಗೆ ಈಗಷ್ಟೇ ತೆಗೆದು ಮುಚ್ಚಿದಂತೆ ಕಾಣುತ್ತಿತ್ತು. ಅದನ್ನು ತೆಗೆದು ನಾಲ್ಕು ವರ್ಷವಾಗಿತ್ತು.

*

ಅವಳಿಗೆ ಆರು ವರ್ಷವಿದ್ದಾಗ ಊರಿಗೆ ಪ್ಲೇಗು ಬಂದಿತ್ತು. ಮಂದಿ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಗುಡಿಸಲಿನಲ್ಲಿ ತಂದೆ ರೇವಣಪ್ಪ ನಾಲ್ಕು ದಿನ ಮಲಗಿದ್ದ. ಎರಡು ವರ್ಷದ ತಮ್ಮ ಒಂದೇ ದಿನ. ಆಮೇಲೆ ಸರಕಾರದ ಆಳುಗಳು ಬಂದು, ಮನೆಯಲ್ಲಿದ್ದ ಬಟ್ಟೆ, ಕೌದಿ, ತೊಟ್ಟಿಲು, ಕೂಸಿನ ಕುಂಚಿಗೆ ಎಲ್ಲವನ್ನೂ ಅಂಗಳದಲ್ಲಿ ರಾಶಿ ಹಾಕಿ ಸುಟ್ಟರು.

ಊರಿಗೆ ಮರಳಿದ ದಿನ ನಿಂಬೆವ್ವ ಮನೆಯ ಮೂಲೆಮೂಲೆ ತಡಕಿದಳು. ಕೂಸಿನದೊಂದು ಎಳೆ ದಾರವೂ ಸಿಗಲಿಲ್ಲ. ಬಾಗಿಲಲ್ಲಿ ನಿಂತ ಮಗಳನ್ನು ನೋಡಿ ಕೇಳಿದಳು:

"ಅಂವ ಇದ್ದ ಅಂತ ಏನು ತೋರಿಸ್ಲಿ?"

ಅಂದಿನಿಂದ ಆ ಮನೆಯಿಂದ ಏನೂ ಹೊರಗೆ ಹೋಗಲಿಲ್ಲ.

ಮೊದಲು ಒಲೆಯ ಬೂದಿ. ಆಮೇಲೆ ಹಲ್ಲುಜ್ಜಿದ ಬೇವಿನ ಕಡ್ಡಿ, ಉರಿದು ಉಳಿದ ಬತ್ತಿ, ಶೇಂಗಾ ಸಿಪ್ಪೆ, ಬಾಚಿದಾಗ ಬಂದ ಕೂದಲು. ಹತ್ತು ವರ್ಷದವಳಿದ್ದಾಗ ಕಾಶಿ ಒಮ್ಮೆ ತೂತುಬಿದ್ದ ಮೊರವನ್ನು ತಿಪ್ಪೆಗೆ ಎಸೆದು ಬಂದಳು. ತಾಯಿ ಹೋಗಿ ತಂದಳು, ತೊಳೆದಳು, ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಕುಳಿತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಡಸಾಲೆ ತುಂಬಿದ ವರ್ಷ ಕಾಶಿ ತೊಲೆಯ ಕತೆ ಕಟ್ಟಿದಳು. ಹೆಣ್ಣು ನೋಡಲು ಅಫಜಲಪುರದಿಂದ ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ ಬೆಲ್ಲ ನೀರು ಕೊಟ್ಟಳು. ಅವರು ಕೀಲಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೆ ಯಾರೂ ಬರಲಿಲ್ಲ.

ಹನ್ನೆರಡನೆಯ ವಯಸ್ಸಿನಲ್ಲಿ ಎಂಟು ದಿನ ಮಟಕಿಯ ಕಾಕಾನ ಮನೆಗೆ ಹೋಗಿದ್ದಳು. ಮರಳಿ ಬಂದಾಗ ಹಗೇವಿನ ಜೋಳವೆಲ್ಲ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಹಗೇವಿನ ಬಾಯಿ ಮುಚ್ಚಿತ್ತು. ತಾಯಿಯ ಅಂಗೈ ಹಗ್ಗ ಎಳೆದು ಸುಲಿದಿತ್ತು.

"ಒಳಗ ಏನಿಟ್ಟಿ ಅವ್ವ?"

"ಬೆಂಕಿ ಮುಟ್ಟದ ಜಾಗಾ ಅದು," ಎಂದಳು ನಿಂಬೆವ್ವ.

ಕಾಶಿ ಮತ್ತೆ ಕೇಳಲಿಲ್ಲ. ಏನಿರುತ್ತದೆ. ಇನ್ನಷ್ಟು ಚಿಂದಿ.

ಈಗ ಆರು ದಿನದ ಜ್ವರದ ಕೊನೆಗೆ ತಾಯಿ ಅವಳ ಮಣಿಕಟ್ಟು ಹಿಡಿದಿದ್ದಳು. "ಯಾರಿಗೂ ತೆಗಿಗೊಡಬ್ಯಾಡ. ಸುಡತಾರ." ಬೆರಳು ಬಿಡಿಸಲು ಕಾಶಿಗೆ ಹೊತ್ತು ಹಿಡಿಯಿತು.

*

ನಡುಹಗಲಿಗೆ ಮಟಕಿಯಿಂದ ಧರ್ಮಣ್ಣ ಬಂದ. ರೇವಣಪ್ಪನ ತಮ್ಮ. ಅವನ ಹಿಂದೆ ಎರಡು ಖಾಲಿ ಗಾಡಿ ಬಂದು ನಿಂತವು. ಮಣ್ಣಿಗೆ ಬರುವವರು ಖಾಲಿ ಗಾಡಿ ತರುವುದಿಲ್ಲ. ನೋಡಿದವರು ನೋಡದಂತೆ ಭಜನೆಯವರ ಕಡೆ ತಿರುಗಿದರು.

ಧರ್ಮಣ್ಣ ಅತ್ತಿಗೆಯ ಪಾದಕ್ಕೆ ಹಣೆ ಹಚ್ಚಿ ಅತ್ತ. ಆ ಅಳು ಖರೆಯದು. ಆಮೇಲೆ ಕಣ್ಣೊರೆಸಿಕೊಂಡು ಕಾಶಿಯನ್ನು ಕೊಟ್ಟಿಗೆಯ ಗೋದಲಿಯ ಹತ್ತಿರ ಕರೆದ.

"ಸರಕಾರದ ಲೆವಿ ಅಂತ ಗಿರದಾವರ ಬಂದು ನಮ್ಮೂರ ಜೋಳ ಎಲ್ಲಾ ಬಳಕೊಂಡು ಹ್ವಾದ. ಬೀಜಕ್ಕೂ ಬಿಟ್ಟಿಲ್ಲ. ನಾಳಿ ಇಲ್ಲಿಗಿ ಬರ್ತಾನ. ಗಂಡಸಿಲ್ಲದ ಮನಿ, ಮೊದಲ ಇಲ್ಲೇ ಬರ್ತಾನ."

"ಅವ್ವ ಮಣ್ಣಾಗ್ಲಿ ಕಾಕಾ. ಆಮ್ಯಾಲ ನೋಡೋಣು."

"ಆಮ್ಯಾಲ ಪಾಟೀಲ ಬಂದು ಮನಿಗಿ ಮುದ್ರಿ ಒತ್ತತಾನ. ಇವತ್ತು ಮಂದಿ ಬಂದು ಹೋಗೋ ದಿನ, ಎರಡು ಗಾಡಿ ಹ್ವಾದ್ರ ಯಾರು ಕೇಳ್ತಾರ? ನೀನೂ ಬಾ. ನನ್ನ ಮಕ್ಕಳ ಜೋಡಿ ಉಂಡ್ಕೊಂಡು ಇರು." ಅವನು ದನಿ ತಗ್ಗಿಸಿದ. "ಸಣ್ಣಾಕಿ ಮೂರು ದಿನ ಆತು ಬರೇ ಹುಣಸಿ ಚಿಗುರು ತಿನ್ನಾಕತ್ತಾಳ."

ಯುದ್ಧದ ವರ್ಷಗಳು. ಧರ್ಮಣ್ಣನ ಕತ್ತಿನ ಎಲುಬು ಅಂಗಿಯ ಮೇಲೆಯೇ ಕಾಣುತ್ತಿತ್ತು. ಕಾಶಿ ಅರ್ಧ ಚೀಲವನ್ನು ತೋರಿಸಿದಳು.

"ಇದನ್ನ ಒಯ್ಯಿ ಕಾಕಾ. ಎಲ್ಲಾ ಒಯ್ಯಿ."

"ಹುಚ್ಚಿ. ಹಗೇವು ತುಂಬ ಇಟ್ಕೊಂಡು ನನಗ ಅರ್ಧ ಚೀಲ ತೋರಸ್ತಿ."

ಅವನು ಆಗಲೇ ಪೀರಸಾಬನಿಗೆ ಹೇಳಿ ಕಳಿಸಿದ್ದ.

ಪೀರಸಾಬ ನಿಂಬೆವ್ವನ ಹೊಲವನ್ನು ಪಾಲಿಗೆ ಮಾಡುತ್ತಿದ್ದವನು. ಪ್ರತಿ ಸುಗ್ಗಿಗೆ ಅವರ ಪಾಲಿನ ಚೀಲಗಳನ್ನು ಕೊಟ್ಟಿಗೆಯಲ್ಲಿಳಿಸಿ, ಒಳಗೆ ಇಣುಕದೆ ಹೋಗುತ್ತಿದ್ದ. ಸುತ್ತಲಿನ ಊರುಗಳಲ್ಲಿ ಹಗೇವಿಗೆ ಇಳಿಯಲು ಅವನನ್ನೇ ಕರೆಯುತ್ತಿದ್ದರು. ಎಂಥ ಸಣ್ಣ ಬಾಯಿಯಲ್ಲೂ ಹಿಡಿಸುವ ಹೆಗಲು ಅವನದು. ಅವನು ನಿಂಬೆವ್ವನ ಮುಂದೆ ಒಂದು ಗಳಿಗೆ ತಲೆ ತಗ್ಗಿಸಿ ನಿಂತ. ನಂತರ ಚಪ್ಪಡಿಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತ.

"ಯಾವಾಗ ತೆಗದಿದ್ರಿ ಇದನ್ನ?"

ಕಾಶಿ ಬಾಯಿ ತೆರೆಯುವ ಮೊದಲೇ ಹಣಮವ್ವ ಕಟ್ಟೆಯಿಂದ ಕೂಗಿದಳು. "ಮೊನ್ನಿ ತೆಗದಾರಂತ. ನಾ ಸಂತಿಗಿ ಹ್ವಾದದ್ದು ನೋಡೇ ತೆಗದಾರ. ಎಲ್ಲಿ ನಾ ಒಂದು ಸೇರು ಕೇಳ್ತೀನೋ ಅಂತ."

ಪೀರಸಾಬ ಮಣ್ಣನ್ನು ಹೆಬ್ಬೆರಳಿಂದ ಒತ್ತಿದ. ಹಸಿಯಿತ್ತು. ಹಾರೆ ಹಾಕಿ ಚಪ್ಪಡಿ ಸರಿಸಿದ. ಒಳಗಿನ ಗಾಳಿ ಮೇಲೆ ಬಂತು. ಅವನು ಮುಖ ತಿರುಗಿಸಿದ.

"ಘಾಟು ಭಾಳ ಅದ್ರಿ ಧರ್ಮಣ್ಣಾರ. ಬಾಯಿ ತೆರದು ಹೊತ್ತು ಬಿಡಬೇಕು. ಕಂದೀಲ ಇಳಿಸಿ ನೋಡಬೇಕು, ಆರಿದ್ರ ಇಳಿಬಾರದು."

"ಹಗೇವಿನಾಗಿಂದ ಅತ್ತರಿನ ವಾಸನಿ ಬರ್ತದೇನೋ? ಮೊನ್ನಿ ತೆಗದದ್ದು ಅಂತ ಹೇಳಾಕತ್ತಾರಲ್ಲ. ಹೊತ್ತು ಎಲ್ಲದ?"

ಪೀರಸಾಬ ಕಾಶಿಯ ಕಡೆ ನೋಡಿದ.

"ಕಾಶವ್ವ, ಜೇವರ್ಗಿಯೊಳಗ ನಮ್ಮಣ್ಣ ಹಿಂಗೇ ಇಳಿದ. ವರ್ಷಗಟ್ಟಲೆ ಮುಚ್ಚಿದ್ದ ಹಗೇವು, ಯಾರೂ ಹೇಳಲಿಲ್ಲ. ಒಂದ ಸಲ ಹಗ್ಗ ಅಲಗಿತು, ಅಷ್ಟೇ. ಮ್ಯಾಲ ಎಳದಾಗ ಮುಷ್ಟಿಯೊಳಗ ಜೋಳ ಇತ್ತು, ಉಸರು ಇರಲಿಲ್ಲ. ಅದಕ್ಕ ಎಲ್ಲರಿಗೂ ಒಂದು ಮಾತು ಕೇಳ್ತೀನಿ. ಮೊನ್ನಿ ತೆಗದದ್ದು ಖರೇನಾ?"

ಅಂಗಳದಲ್ಲಿದ್ದವರು ಅವಳ ಬಾಯಿ ನೋಡುತ್ತಿದ್ದರು. ಇಲ್ಲವೆಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಬಾಗಿಲು ತೆರೆಯಬೇಕು. ಬಾಗಿಲು ತೆರೆದರೆ ತಾಯಿ ಮಣ್ಣಾಗುವ ಮೊದಲೇ ಅಂಗಳದಲ್ಲಿ ರಾಶಿ ಬೀಳುತ್ತದೆ, ಯಾರೋ ಕಡ್ಡಿ ಗೀರುತ್ತಾರೆ. ನಿಂಬೆವ್ವ ಹಣೆಗೆ ಬಟ್ಟೆ ಬಿಗಿಸಿಕೊಂಡು ಹಗೇವಿಗೇ ಮುಖಮಾಡಿ ಕುಳಿತಿದ್ದಳು.

"ಖರೇ," ಎಂದಳು ಕಾಶಿ.

"ನೀ ಅಂದ್ರ ಆತು."

ಅವನು ಅಂಗಿ ತೆಗೆದು ಮಡಿಸಿ, ಅದರ ಮೇಲೆ ಟೋಪಿ ಇಟ್ಟ. ಹಗ್ಗವನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದ. ಇನ್ನೊಂದು ತುದಿಯನ್ನು ಧರ್ಮಣ್ಣ ಮತ್ತು ಗಾಡಿಯ ಆಳುಗಳು ಹಿಡಿದರು. ಪೀರಸಾಬ ಬಾಯಿಯ ಅಂಚಿಗೆ ಕುಳಿತು ಎರಡೂ ಕಾಲು ಒಳಗೆ ಬಿಟ್ಟ. ಭಜನೆಯವರ ತಾಳ ಜೋರಾಗಿತ್ತು.

ಅಫಜಲಪುರದವರು ಬೆಲ್ಲ ನೀರು ಕುಡಿದು ಹೋದ ವರ್ಷವೂ ಇದೇ ಪೀರಸಾಬ ಹೊರಗೆ ನಿಂತು, ಬೀಗರ ಎತ್ತುಗಳಿಗೆ ನೀರು ಕುಡಿಸಿದ್ದ. ಏನನ್ನೂ ಕೇಳಿರಲಿಲ್ಲ.

"ಬಿಡ್ರಿ," ಎಂದ ಅವನು.

"ಕಾಕಾ, ಹಗ್ಗ ಬಿಡಬ್ಯಾಡ," ಎಂದಳು ಕಾಶಿ.

ತಾಳದ ಸಪ್ಪಳದಲ್ಲಿ ಯಾರಿಗೂ ಕೇಳಿಸಲಿಲ್ಲ. ಪೀರಸಾಬ ಎರಡೂ ಅಂಗೈ ಅಂಚಿಗೆ ಊರಿ ಮೈ ಜಾರಿಸಿದ. ಕಾಶಿ ಓಡಿಬಂದು ಅವನ ಬರಿ ಹೆಗಲನ್ನು ಎರಡೂ ಕೈಯಿಂದ ಹಿಡಿದಳು. ಬೆಳೆದ ಹುಡುಗಿ, ಅಷ್ಟು ಮಂದಿಯ ಮುಂದೆ. ತಾಳ ಒಂದೊಂದಾಗಿ ನಿಂತವು.

"ನಾಕು ವರ್ಷ ಆತು," ಎಂದಳು.

"ಏನು?"

"ತೆಗದು ನಾಕು ವರ್ಷ ಆತು. ನಾ ಸುಳ್ಳು ಹೇಳೀನಿ. ಅದರಾಗ ಜೋಳ ಇಲ್ಲ."

ಧರ್ಮಣ್ಣನ ಕೈಯಲ್ಲಿ ಹಗ್ಗ ಬಿಗಿಯಾಯಿತು. "ಮತ್ತೇನದ?"

"ಗೊತ್ತಿಲ್ಲ."

ಪೀರಸಾಬ ಮೈ ಮೇಲಕ್ಕೆಳೆದುಕೊಂಡು ಅಂಚಿನಲ್ಲೇ ಕುಳಿತ. ಕಾಲು ಇನ್ನೂ ಒಳಗಿದ್ದವು. ಹಣಮವ್ವ ತನ್ನ ಮನೆಗೆ ಹೋದಳು. ಬಿಸಿಲಿನಲ್ಲಿ ಹೊತ್ತಿಸಿದ ಕಂದೀಲು ಹಿಡಿದುಕೊಂಡು ಬಂದಳು. ಪೀರಸಾಬ ಅದಕ್ಕೆ ದಾರ ಕಟ್ಟಿ ತನ್ನ ಪಾದಗಳ ಪಕ್ಕದಿಂದ ಇಳಿಬಿಟ್ಟ. ಎಲ್ಲರೂ ಬಗ್ಗಿದರು.

ಮೊದಲು ಗೋಡೆ. ಗೋಡೆಗೆ ಮೆತ್ತಿದ ಹುಲ್ಲು. ಇನ್ನೊಂದು ಮೊಳ ಇಳಿದಾಗ ಕೆಂಪು ಕಂಡಿತು.

ಒಂದು ಸಣ್ಣ ಪರಕಾರ, ಆರೇಳು ವರ್ಷದ ಹುಡುಗಿ ಉಡುವ ಲಂಗ. ಅದರ ಪಕ್ಕ ಸ್ವಲ್ಪ ದೊಡ್ಡದು, ಹಸಿರು. ಅದರ ಪಕ್ಕ ಇನ್ನೂ ದೊಡ್ಡದು. ಗಂಟು ಕಟ್ಟಿರಲಿಲ್ಲ, ರಾಶಿ ಹಾಕಿರಲಿಲ್ಲ. ಒಂದೊಂದನ್ನೂ ಮಡಿಕೆ ಮಾಡಿ ಹಲಗೆಯ ಮೇಲೆ ಸಾಲಾಗಿ ಇಟ್ಟಿತ್ತು. ಪ್ರತಿಯೊಂದರ ಮೇಲೆ ದಾರಕ್ಕೆ ಪೋಣಿಸಿದ ಬಳೆಚೂರು, ಒಂದು ಸುರುಳಿ ಕೂದಲು. ನಡುವೆ ಚಿಟಿಕೆಯಷ್ಟು ಬಟ್ಟೆಯಲ್ಲಿ ಬಿಳಿಯದೇನೋ, ಹಾಲುಹಲ್ಲಿನಂಥದ್ದು. ಕೊನೆಯ ಹಳದಿ ಪರಕಾರವನ್ನು ಕಾಶಿ ಹನ್ನೆರಡನೆಯ ವಯಸ್ಸಿನ ಯುಗಾದಿಗೆ ಉಟ್ಟಿದ್ದಳು. ಮಟಕಿಗೆ ಹೋಗುವ ಮೊದಲು ತೊಳೆದು ಗಳುವಿನ ಮೇಲೆ ಹಾಕಿ ಹೋಗಿದ್ದಳು.

ಕಂದೀಲಿನ ಉರಿ ಸಣ್ಣದಾಯಿತು. ಸಾಲಿನ ಕೊನೆಗೆ ಇನ್ನೂ ಖಾಲಿ ಇದ್ದ ಹಲಗೆಯ ಮೇಲೆ ಒಂದು ಗಳಿಗೆ ಬೆಳಕು ನಿಂತಿತು. ಆರಿತು.

ಪೀರಸಾಬ ಒಂದು ಕಾಲನ್ನು ಮೇಲೆ ತೆಗೆದ. ಆಮೇಲೆ ಇನ್ನೊಂದು. ಧರ್ಮಣ್ಣ ಹಗ್ಗವನ್ನು ಇನ್ನೂ ಹಿಡಿದೇ ಇದ್ದ.

ಮೊದಲು ತಲೆ ಎತ್ತಿದವಳು ಹಣಮವ್ವ. ಅವಳು ಕೀಲಿಯ ಕಡೆ ನೋಡಿದಳು. ಅವಳನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಆ ಕಡೆ ತಿರುಗಿದರು.

ಬಾಗಿಲಿಗೆ ಬೆನ್ನು ಕೊಟ್ಟು, ತಲೆಯನ್ನು ಚಿಲಕಕ್ಕೆ ಕಟ್ಟಿಸಿಕೊಂಡು, ನಿಂಬೆವ್ವ ನೆಟ್ಟಗೆ ಕುಳಿತಿದ್ದಳು.